ಒತ್ತದ ಗುಂಡಿ

ಮಾರ್ಚ್ 3, ಸೋಮವಾರ

ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ನಾನು ಆಡಿದ ಮಾತುಗಳು "ಹೌದು", "ಇಲ್ಲ", "ಕಲೀತೀನಿ". ಇಷ್ಟಕ್ಕೆ ಯಾರಾದರೂ ಕೆಲಸ ಕೊಡುತ್ತಾರೆ ಅಂದುಕೊಂಡಿರಲಿಲ್ಲ.

ಎಲೆಕ್ಟ್ರಾನಿಕ್ಸ್ ಕಲಿಸುವ ಈ ಕಮ್ಮಟ ನಡೆಯುವುದು ಒಂದು ಹಳೆಯ ಗೋದಾಮಿನಲ್ಲಿ. ಉದ್ದುದ್ದ ಮೇಜುಗಳು, ಬೆಸುಗೆಯ ಹೊಗೆಯ ವಾಸನೆ. ಗೋಡೆಯ ಮೇಲೆ ಪ್ರತಿಯೊಂದು ಇಕ್ಕಳ, ಸ್ಕ್ರೂಡ್ರೈವರಿನ ಆಕಾರ ಬಿಳಿ ಬಣ್ಣದಲ್ಲಿ ಬರೆದಿದೆ. ಉಪಕರಣ ಇಲ್ಲದಿದ್ದರೆ ಅದರ ನೆರಳು ಮಾತ್ರ ಅಲ್ಲಿ ನೇತಾಡುತ್ತಿರುತ್ತದೆ. ನನಗೆ ಇಡೀ ಜಾಗದಲ್ಲಿ ಹಿಡಿಸಿದ್ದು ಆ ಗೋಡೆ.

ನಡೆಸುವವರನ್ನು ಎಲ್ಲರೂ ಕಿಡಿ ಮೇಡಂ ಅನ್ನುತ್ತಾರೆ. ಹಿಂದೆ ಯಾವುದೋ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದಾಗ ಏನೋ ಸಿಡಿದು ಎಡಗಡೆಯ ಹುಬ್ಬು ಅರ್ಧ ಹೋಗಿದೆ. ಆ ಅರ್ಧ ಹುಬ್ಬನ್ನೇ ಏರಿಸಿ ಕೇಳಿದರು:

"ಸಾಹಿತ್ಯ ಓದಿದೋಳು ಇಲ್ಲಿಗೆ ಯಾಕಮ್ಮ ಬಂದೆ?"

"ಕೆಲಸ ಬೇಕು."

"ಸದ್ಯ, ನಿಜ ಹೇಳಿದೆ. ನೋಡು, ನಾನು ಬರೆದ ಪಾಠದ ಹಾಳೆ ಓದಿದರೆ ನನಗೇ ಆಕಳಿಕೆ ಬರುತ್ತೆ. ಅದನ್ನ ಮನುಷ್ಯರು ಓದೋ ಹಾಗೆ ತಿದ್ದಿಕೊಡು. ಈ ತಿಂಗಳು ನೋಡೋಣ. ಸರಿಹೋದರೆ ಖಾಯಂ."

ತಿದ್ದುವುದು ಅಂದರೆ ಒಂದು ಮೂಲೆ, ಒಂದು ಕುರ್ಚಿ. ಯಾರೊಂದಿಗೂ ಮಾತಾಡಬೇಕಿಲ್ಲ. ಮನೆಗೆ ನಡೆದು ಬರುವಾಗ ಹಗುರಾಗಿದ್ದೆ.

ಅತ್ತಿಗೆಗೆ ನಗು. "ಸ್ಟವ್ ಹಚ್ಚೋಕೆ ಮುಖ ಆ ಕಡೆ ತಿರುಗಿಸ್ತೀಯ, ಅಲ್ಲಿ ಕಾದ ಕಡ್ಡಿ ಹಿಡೀತೀಯೇನೇ?"

"ಅವಳು ಬರೀತಾಳಂತೆ ಕಣೆ, ಬೆಸುಗೆ ಹಾಕಲ್ಲ" ಅಂದ ಅಣ್ಣ.

ಕೊಡಬೇಕಾದ ಉತ್ತರ ಹಲ್ಲುಜ್ಜುವಾಗ ಹೊಳೆಯಿತು.

ಮಾರ್ಚ್ 8, ಶನಿವಾರ

ಇವತ್ತು ದೊಡ್ಡವರ ತರಗತಿ. ಮೂಲೆಯಲ್ಲಿ ಕೂತು ನೋಡಿದೆ.

ಇಲ್ಲಿ ಒಂದು ನಿಯಮವಿದೆ. ಕಲಿಸುವವರ ಕೈ ಬೆನ್ನ ಹಿಂದೆ ಇರಬೇಕು. ಕೆಂಪು, ಕಪ್ಪು ಸಾಲುಗಳಿರುವ ತೂತಿನ ಹಲಗೆಯಲ್ಲಿ ಕಲಿಯುವವರ ತಂತಿ ತಪ್ಪು ತೂತಿಗೆ ಹೋಗುತ್ತಿದ್ದರೂ ಮುಟ್ಟುವಂತಿಲ್ಲ, ಬಾಯಲ್ಲಿ ಹೇಳಬೇಕು. "ನಾವು ಕೈ ಹಾಕಿದರೆ ಅದು ನಮ್ಮ ಸಾಮಾನಾಗುತ್ತೆ, ಅವರದಲ್ಲ" ಅನ್ನುತ್ತಾರೆ ಮೇಡಂ. ಅವರು ಕೈ ಕಟ್ಟಿಕೊಂಡು ಮೇಜಿನಿಂದ ಮೇಜಿಗೆ ಓಡಾಡುವಾಗ ಮೊಣಕೈಗಳು ಚಡಪಡಿಸುವುದು ಹಿಂದಿನಿಂದ ನನಗೆ ಕಾಣುತ್ತಿತ್ತು. ನನಗಾದರೆ ಕೈ ಕಟ್ಟಿಕೊಳ್ಳುವುದು ಸುಲಭ. ಬಾಯಿ ಬಿಡುವುದೇ ಕಷ್ಟ.

ಈ ತಿಂಗಳು ಎಲ್ಲರೂ ಮಾಡುವುದು ಕರೆಗಂಟೆ. ಒಂದು ಕಡೆ ಗುಂಡಿ ಒತ್ತಿದರೆ ಇನ್ನೊಂದು ಕಡೆ ದೀಪ ಹತ್ತಿ ಗಂಟೆ ಬಾರಿಸಬೇಕು. ಅದಕ್ಕೆ ಬೇಕಾದ ನಾಲ್ಕು ಸಾಲಿನ ಪ್ರೋಗ್ರಾಂ ಅವರೇ ಬರೆಯಬೇಕು. ಯಾರಿಗಾಗಿ ಮಾಡುತ್ತೀರಿ ಎಂದು ಮೇಡಂ ಒಬ್ಬೊಬ್ಬರನ್ನೇ ಕೇಳಿದರು.

ಮೊದಲ ಸಾಲಿನಲ್ಲಿ ಕೂರುವ ಹೆಂಗಸು ನಿವೃತ್ತ ಮುಖ್ಯೋಪಾಧ್ಯಾಯಿನಿ. ಇಲ್ಲಿ ಎಲ್ಲರಿಗೂ ಹೆಡ್‌ಮಿಸ್. "ನಮ್ಮ ಯಜಮಾನರಿಗೆ ಕಿವಿ ಮಂದ ಅಂತಾರೆ. ಸುಳ್ಳು. ನನ್ನ ಧ್ವನಿ ಒಂದು ಮಾತ್ರ ಕೇಳಲ್ಲ. ಅಡುಗೆಮನೆಯಿಂದ ಅವರ ಕುರ್ಚಿಗೆ ಗಂಟೆ ಹಾಕಿ ಪರೀಕ್ಷೆ ಮಾಡ್ತೀನಿ."

ಆಮೇಲೆ ದರ್ಜಿ. ನಡುವಯಸ್ಸು, ತರಗತಿಗೂ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬರುತ್ತಾರೆ. ನಿಧಾನವಾಗಿ ಹೇಳಿದರು. ಅವರದು ಕೆಳಗೆ ಅಂಗಡಿ, ಮೇಲೆ ಮನೆ. ಮದುವೆಯಾಗಿಲ್ಲ, ಇರುವುದು ಅವರೂ ತಾಯಿಯೂ. ತಾಯಿಗೆ ಸೊಂಟದ ಮೂಳೆ ಮುರಿದು ಕೂಡಿದೆ, ಆದರೆ ತಾವಾಗಿ ಎದ್ದು ಓಡಾಡುವಂತಿಲ್ಲ. ಮಗನನ್ನು ಕರೆದು ಕರೆದು, ಮಿಷನ್ ಸದ್ದಿನಲ್ಲಿ ಅವನಿಗೆ ಕೇಳದೆ, ಒಂದು ದಿನ ತಾವೇ ಎದ್ದು ಬಿದ್ದರು. ಊರಾಚೆ ಇರುವ ಅಣ್ಣ ಒಂದು ಆರೈಕೆ ಕೇಂದ್ರ ನೋಡಿದ್ದಾನೆ.

"ಅಮ್ಮ ಹೋಗಲ್ಲ ಅಂತಾಳೆ. ನನಗೂ ಕಳಿಸೋಕೆ ಇಷ್ಟ ಇಲ್ಲ. ಒಂದು ಕರೆಗಂಟೆ ಇದ್ದರೆ, ಕರೆದ ತಕ್ಷಣ ನಾನು ಮೇಲೆ ಹೋಗ್ತೀನಿ ಅಂದ್ರೆ, ಅಣ್ಣ ಒಪ್ಪಿಕೊಂಡಿದಾನೆ. ಈ ತಿಂಗಳ ಕೊನೇವರೆಗೆ ನೋಡ್ತಾನಂತೆ."

"ಅಂಗಡಿಯಲ್ಲಿ ಸಿಗೋ ಗಂಟೆ ತಗೋಬಹುದಿತ್ತಲ್ಲ?" ಅಂದರು ಹಿಂದಿನಿಂದ ಯಾರೋ.

"ತಂದಿದ್ದೆ. ಅದರ ಗುಂಡಿ ಅಮ್ಮನ ಬೆರಳಿಗೆ ಗಟ್ಟಿ. ನಾನು ಮಾಡಿದರೆ ಅಮ್ಮನ ಅಳತೆಗೆ ಮಾಡ್ತೀನಿ."

ಅಳತೆ ಅಂದಾಗ ಅವರ ಕೈ ತಾನಾಗಿ ಟೇಪಿಗೆ ಹೋಯಿತು. ನನಗೂ ಈ ತಿಂಗಳ ಕೊನೆಯೇ ಗಡುವು ಎಂದು ನೆನಪಾಯಿತು. ಹೇಳಿಕೊಳ್ಳಲು ಅದೇನೂ ದೊಡ್ಡದಲ್ಲ.

ಮಾರ್ಚ್ 12, ಬುಧವಾರ

ಮೂರು ದಿನದಿಂದ ಕರೆಗಂಟೆಯ ಹಾಳೆ ತಿದ್ದುತ್ತಿದ್ದೇನೆ. ಮೇಡಂ ಬರೆದದ್ದು ಮುಳ್ಳುಬೇಲಿಯ ಹಾಗಿತ್ತು. ಚಿತ್ರವೂ ಇಲ್ಲ. ಚಿತ್ರ ಕೊಟ್ಟರೆ ಜನ ಓದುವುದಿಲ್ಲ, ಸುಮ್ಮನೆ ಹಾಗೇ ಜೋಡಿಸುತ್ತಾರೆ ಎನ್ನುವುದು ಅವರ ವಾದ.

ವಾಕ್ಯಗಳನ್ನು ಚಿಕ್ಕದು ಮಾಡಿದೆ. "ಮೇಲ್ಕಂಡ", "ತತ್ಸಂಬಂಧಿತ" ಎಲ್ಲ ಕಿತ್ತೆ. "ಇಲ್ಲಿಂದ ಕಪ್ಪು ಸಾಲಿಗೆ ಒಂದು ರೆಸಿಸ್ಟರ್ ಸೇರಿಸಿ" ಎಂಬ ವಾಕ್ಯ, ಒಂದಕ್ಷರ ಆಚೀಚೆ ಇಲ್ಲದೆ, ಎರಡು ಕಡೆ ಇತ್ತು. ಟೈಪ್ ಮಾಡುವಾಗ ಮರುಕಳಿಸಿದ್ದಿರಬೇಕು. ಒಂದನ್ನು ತೆಗೆದೆ. ಈಗ ಓದಿದರೆ ನೀರು ಹರಿದ ಹಾಗೆ ಹೋಗುತ್ತದೆ.

ಮೇಡಂ ನಿಂತುಕೊಂಡೇ ಓದಿದರು. "ಇದು ನಾನು ಬರೆದಿದ್ದೇನಾ? ಎಷ್ಟು ಚೆಂದ ಇದೆಯಲ್ಲೇ!" ಅಂದು ಬೆನ್ನು ತಟ್ಟಿ ಪ್ರತಿ ತೆಗೆಸಲು ಕೊಟ್ಟರು.

ಇವತ್ತು ಊಟಕ್ಕೆ ಎರಡನೇ ಸಲ ಬಡಿಸಿಕೊಂಡೆ. ಅತ್ತಿಗೆ ಹಣೆ ಮುಟ್ಟಿ ನೋಡಿದರು.

ಮಾರ್ಚ್ 13, ಗುರುವಾರ

ಮೇಡಂ ಮಗಳಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿದೆ. ಬೆಳಿಗ್ಗೆಯೇ ಹೊರಟರು. ಹೋಗುವಾಗ ಬಾಗಿಲಲ್ಲಿ ನಿಂತು, "ಶನಿವಾರ ನೀನೇ ತಗೋ. ಹಾಳೆ ಇದೆಯಲ್ಲ. ಓದಿದರೆ ಸಾಕು" ಅಂದರು.

ಆಗಲ್ಲ ಅನ್ನಲು ಬಾಯಿ ತೆರೆದೆ. ಆಟೋ ಹೋಗಿಯಾಗಿತ್ತು.

ಮಾರ್ಚ್ 14, ಶುಕ್ರವಾರ

ಜ್ವರ ಬರಲಿ ಎಂದು ಬೆಳಿಗ್ಗೆಯಿಂದ ಕಾದೆ. ಬರಲಿಲ್ಲ.

ಮಾರ್ಚ್ 15, ಶನಿವಾರ

ಮುಗಿಯಿತು! ಬದುಕಿದ್ದೇನೆ!

ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದು ಓದಲು ಶುರುಮಾಡಿದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಎನಿಸಿತು.

"ಜೋರಾಗಿ ಹೇಳಮ್ಮ. ಕೊನೇ ಬೆಂಚಿಗೆ ಕೇಳಲ್ಲ" ಅಂದರು ಹೆಡ್‌ಮಿಸ್.

"ನೀವು ಮೊದಲನೇ ಬೆಂಚಲ್ಲೇ ಇದೀರಲ್ಲ ಮಿಸ್" ಅಂದರು ಹಿಂದಿನಿಂದ.

"ಅದನ್ನೇ ಹೇಳ್ತಿರೋದು. ನನಗೇ ಕೇಳಲ್ಲ."

ಎಲ್ಲರೂ ನಕ್ಕರು. ನಗುವಿನ ನಡುವೆ ಓದುವುದು ಮೌನದ ನಡುವೆ ಓದುವುದಕ್ಕಿಂತ ಸುಲಭ ಅನಿಸಿತು. ಹೆಜ್ಜೆ ಹೆಜ್ಜೆಯಾಗಿ ಓದಿದೆ, ಅವರು ಜೋಡಿಸಿದರು. ದರ್ಜಿ ತಂತಿಯ ತೊಗಲನ್ನು ದಾರ ಕಡಿದ ಹಾಗೆ ಹಲ್ಲಲ್ಲಿ ಕಡಿಯಹೊರಟಾಗ "ಹಲ್ಲು ಬೇಡ!" ಅಂದೆ. ಹಾಳೆಯಲ್ಲಿ ಇಲ್ಲದ ಮಾತು ಅದೊಂದೇ.

ಗುಂಡಿ ಕೂರಿಸುವಾಗ ಅವರು, "ಗುಂಡಿ ಹಾಕೋದು ನನಗೇನು ಹೊಸದಾ ಟೀಚರಮ್ಮ" ಅಂದು ತಾವೇ ನಕ್ಕರು. ನನಗೆ ಟೀಚರಮ್ಮ ಅನ್ನುತ್ತಾರೆ. ವಯಸ್ಸಿನಲ್ಲಿ ಅವರ ಅರ್ಧ ಇದ್ದೇನೆ. ಒತ್ತುವ ಜಾಗಕ್ಕೆ ಅವರು ಸ್ಪಂಜು ತುಂಬಿದ ಒಂದು ಬಟ್ಟೆಯ ದಿಂಬು ಹೊಲಿದು ತಂದಿದ್ದರು, ಅಂಗೈಯಗಲ. ಬೆರಳೇ ಬೇಡ, ಅಂಗೈ ಇಟ್ಟರೆ ಸಾಕು.

ಕೊನೆಗೆ ಎಲ್ಲರ ಗಂಟೆಯೂ ಬಾರಿಸಿತು. ಒಂದು ಸಲ ಯಾರೂ ಒತ್ತದೆ ಯಾರದೋ ಗಂಟೆ ಹೊಡೆದುಕೊಂಡಿತು. "ಯಾರದು?" "ನಾನಲ್ಲ." "ನಾನೂ ಅಲ್ಲ." "ಹಾಗಾದರೆ ದೆವ್ವ." ಮತ್ತೆ ನಗು.

ಸಾಮಾನು ಎತ್ತಿಡುವಾಗ ಹೆಡ್‌ಮಿಸ್ ತಮ್ಮ ತಟ್ಟೆ ತೋರಿಸಿದರು. ಮೈಮೇಲೆ ಬಣ್ಣದ ಪಟ್ಟಿಯಿರುವ, ಜೀರಿಗೆಯಷ್ಟು ಚಿಕ್ಕ ಒಂದು ರೆಸಿಸ್ಟರ್. "ಇದೊಂದು ಉಳೀತಲ್ಲಮ್ಮ?" ನೋಡಿದರೆ ಎಲ್ಲರ ತಟ್ಟೆಯಲ್ಲೂ ಒಂದೊಂದು ಉಳಿದಿದೆ. ಹಾಳೆಯ ಹೆಜ್ಜೆಗಳನ್ನೆಲ್ಲ ಮತ್ತೆ ನೋಡಿದೆ, ಯಾವುದೂ ಬಿಟ್ಟಿರಲಿಲ್ಲ.

"ಹೆಚ್ಚಿಗೆ ಇಟ್ಟಿರಬೇಕು" ಅಂದೆ.

"ನಾವೂ ಅಂಗಿ ಒಳಗಡೆ ಒಂದು ಗುಂಡಿ ಜಾಸ್ತಿ ಹೊಲೀತೀವಿ" ಅಂದು ದರ್ಜಿ ಅದನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡರು.

ಚಪ್ಪಾಳೆ ತಟ್ಟಿದರು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ತಟ್ಟಿದರು.

ಮಾರ್ಚ್ 18, ಮಂಗಳವಾರ

ಅತ್ತಿಗೆ ಪರದೆಯ ಬಟ್ಟೆ ಕೊಟ್ಟು ದರ್ಜಿಯ ಅಂಗಡಿಗೆ ಕಳಿಸಿದರು. ಅಂಗಡಿ ಒಂದು ಕೋಣೆಯದು. ಮೋಟಾರಿನ ಮಿಷನ್, ಇಸ್ತ್ರಿ ಮೇಜು, ನೆಲದ ತುಂಬ ಬಣ್ಣಬಣ್ಣದ ಚೂರು. ಅವರು ಹೊಲಿಗೆ ಬಿಟ್ಟು ಎದ್ದು ಗಂಟೆ ತೋರಿಸಿದರು. ಮೇಲಿನ ಕೋಣೆಯಿಂದ ಮೆಟ್ಟಿಲ ಗೋಡೆಗುಂಟ ತಂತಿ ಇಳಿದು ಬಂದಿದೆ, ಮಿಷನ್ನಿನ ಕರೆಂಟ್ ತಂತಿಯ ಜೊತೆಗೇ ಕೂಡಿಸಿ ಗೇಣಿಗೊಂದು ಕ್ಲಿಪ್ಪು ಹೊಡೆದಿದ್ದಾರೆ. ಹೊಲಿಗೆ ಹಾಕಿದಷ್ಟು ನೇರ.

ಹೊಲಿಯಲು ಮತ್ತೆ ಕೂತರು. ಸ್ವಲ್ಪ ಹೊತ್ತಿಗೆ ಗಂಟೆ ಬಾರಿಸಿತು. ಕಾಲು ಪೆಡಲಿನಿಂದ ಎತ್ತಿ ಓಡಿದರು. ಮೇಲಿನಿಂದ ಮಾತು ಕೇಳಿಸುತ್ತಿತ್ತು.

"ಏನಮ್ಮ?"

"ಏನೋ? ನಾನೆಲ್ಲಿ ಕರೆದೆ?"

"ಒತ್ತಿದೆಯಲ್ಲ."

"ಒತ್ತಲಿಲ್ಲವಲ್ಲೋ."

ನಗುತ್ತಾ ಇಳಿದು ಬಂದರು. "ಅಮ್ಮನಿಗೆ ಮಗನ್ನ ಓಡಿಸೋ ಆಟ" ಅಂದರು. ಆದರೆ ನಗು ಮುಗಿದ ಮೇಲೆ ಅವರ ಮುಖ ಸ್ವಲ್ಪ ಹೊತ್ತು ಸುಮ್ಮನೆ ಮೆಟ್ಟಿಲ ಕಡೆಗೇ ಇತ್ತು. ನಾನು ಏನಾದರೂ ಹೇಳಬೇಕಿತ್ತು. ಪರದೆಯ ಅಳತೆ ಬರೆದ ಚೀಟಿ ಮೇಜಿನ ಮೇಲಿಟ್ಟು ಬಂದೆ.

ಮಾರ್ಚ್ 22, ಶನಿವಾರ

ಕ್ರಮವಾಗಿ ಬರೆಯಬೇಕು.

ತರಗತಿ ಶುರುವಾಗುವ ಮೊದಲೇ ದರ್ಜಿ ಬಂದು ಬಾಗಿಲಲ್ಲಿ ನಿಂತರು. ಇವತ್ತು ಟೇಪು ಇರಲಿಲ್ಲ. ಇನ್ನು ಬರಲ್ಲ ಟೀಚರಮ್ಮ, ಹೇಳಿ ಹೋಗೋಣ ಅಂತ ಬಂದೆ ಅಂದರು.

"ಗಂಟೆ ಕೆಟ್ಟಿತಾ?"

"ಗಂಟೆ ಚೆನ್ನಾಗೇ ಇದೆ. ಅಮ್ಮನೇ ಸರಿಯಿಲ್ಲ." ಧ್ವನಿ ತಗ್ಗಿಸಿದರು. "ದಿನಾ ಒತ್ತುತ್ತಾಳೆ, ಹೋಗಿ ಕೇಳಿದರೆ ಒತ್ತಲಿಲ್ಲ ಅಂತಾಳೆ. ಮೊದಲು ತಮಾಷೆ ಅಂದ್ಕೊಂಡೆ. ಮೊನ್ನೆ ಅತ್ತುಬಿಟ್ಟಳು, ಒತ್ತಲಿಲ್ಲ ಅಂತ. ಒಂದು ಮಧ್ಯಾಹ್ನ ಅಂಗಡಿ ಬಿಟ್ಟು ಅವಳ ಪಕ್ಕದಲ್ಲೇ ಕೂತು ನೋಡಿದೆ. ನಾನಿದ್ದಾಗ ಒಂದು ಸಲಾನೂ ಬಾರಿಸಲಿಲ್ಲ. ಕೆಳಗೆ ಬಂದು ಹೊಲಿಯೋಕೆ ಕೂತೆ, ಬಾರಿಸಿತು. ಅಣ್ಣನಿಗೆ ಹೇಳಿದೆ. ಅದು ಮರೆವಿನ ಕಾಯಿಲೆ, ಇನ್ನು ನಿನ್ನ ಕೈಲಾಗಲ್ಲ ಅಂದ. ನಾಳೆ ಬಂದು ಕರ್ಕೊಂಡು ಹೋಗ್ತಾನೆ."

ನಾನು "ಅಯ್ಯೋ" ಅಂದೆ ಅಷ್ಟೆ. ಅವರು ತಲೆಯಾಡಿಸಿ ಹೋದರು.

ಅವರು ಹೋಗಿ ಸ್ವಲ್ಪ ಹೊತ್ತಿಗೆ ಹೆಡ್‌ಮಿಸ್ ಬಂದರು, ತಮ್ಮ ಗಂಟೆಯನ್ನು ಚೀಲದಲ್ಲಿ ಹಾಕಿಕೊಂಡು. "ಇದಕ್ಕೆ ಏನಾಗಿದೆ ನೋಡಮ್ಮ. ನಾನು ಮಿಕ್ಸಿ ಹಾಕಿದಾಗಲೆಲ್ಲ ತಾನೇ ಹೊಡ್ಕೊಳ್ಳುತ್ತೆ. ನಮ್ಮ ಯಜಮಾನರು ಕಾಫಿಗೆ ಕರೀತಿದಾಳೆ ಅಂತ ಎದ್ದು ಬರ್ತಾರೆ. ಕಿವಿ ಕೇಳುತ್ತೆ ಅಂತ ಗೊತ್ತಾಯ್ತು, ಅದು ಸರಿ. ಆದರೆ ದಿನಕ್ಕೆ ಎಷ್ಟು ಕಾಫಿ ಮಾಡಲಿ?"

"ನಮ್ಮದೂ ಹಂಗೇ" ಅಂದರು ಇನ್ನಿಬ್ಬರು.

ಮಿಕ್ಸಿ. ಮಿಷನ್. ಎರಡಕ್ಕೂ ಮೋಟಾರು. ತರಗತಿಯನ್ನು ಹೇಗೆ ಮುಗಿಸಿದೆನೋ ತಿಳಿಯದು. ಎಲ್ಲರೂ ಹೋದ ಮೇಲೆ ಹೆಡ್‌ಮಿಸ್ ಬಿಟ್ಟುಹೋದ ಗಂಟೆಯನ್ನು ಮೇಜಿನ ಮೇಲಿಟ್ಟು ಗೋಡೆಯ ಡ್ರಿಲ್ ಮಿಷನ್ ತೆಗೆದು ಪಕ್ಕದಲ್ಲಿ ಓಡಿಸಿದೆ. ಗುಂಡಿಯ ಹತ್ತಿರ ಯಾರೂ ಇಲ್ಲ. ಗಂಟೆ ಬಾರಿಸಿತು.

ಮೇಡಂ ಅವರ ಹಳೆಯ ಹಾಳೆಯನ್ನೂ ನನ್ನದನ್ನೂ ಅಕ್ಕಪಕ್ಕ ಇಟ್ಟು ಓದಿದೆ. "ಇಲ್ಲಿಂದ ಕಪ್ಪು ಸಾಲಿಗೆ ಒಂದು ರೆಸಿಸ್ಟರ್ ಸೇರಿಸಿ." ಮೊದಲನೆಯದು ಗುಂಡಿಯ ಕಾಲಿನಿಂದ, ಅಂದರೆ ಪಿನ್ನಿನಿಂದ. ಎರಡನೆಯದು ದೀಪದ ಕಾಲಿನಿಂದ. ಎರಡು ಬೇರೆ ಬೇರೆ "ಇಲ್ಲಿ". ಅದು ಮರುಕಳಿಸಿದ್ದಲ್ಲ. ಎರಡೂ ಬೇಕಿತ್ತು. ಓದಲು ಚೆಂದ ಇರಲಿ ಎಂದು ನಾನು ಗುಂಡಿಯದನ್ನು ತೆಗೆದುಬಿಟ್ಟಿದ್ದೆ.

ಮೇಡಂಗೆ ಫೋನ್ ಮಾಡಿದೆ. ನಾನಾಗಿ ಯಾರಿಗೂ ಫೋನ್ ಮಾಡುವವಳಲ್ಲ. ಹಿಂದೆ ಮಗು ಅಳುತ್ತಿತ್ತು (ಹೆಣ್ಣು ಮಗು, ಇಬ್ಬರೂ ಕ್ಷೇಮ). ಹೇಳಿದೆ.

"ನಿಂತ್ಕೊಂಡು ಓದಿ ಚೆಂದ ಇದೆ ಅಂದವಳು ನಾನು. ತಪ್ಪಿನ ಪಾಲು ನನಗೂ ಸೇರಬೇಕು" ಅಂದರು. "ನೋಡು, ಆ ಗುಂಡಿಯ ಕಾಲು ಈಗ ಗಾಳೀಲಿ ತೇಲ್ತಾ ಇದೆ. ಒತ್ತಿದಾಗ ಹೌದು ಅಂತ ಅದಕ್ಕೆ ಗೊತ್ತಾಗುತ್ತೆ. ಒತ್ತದೇ ಇದ್ದಾಗ ಇಲ್ಲ ಅಂತ ಹೇಳೋಕೆ ಆ ರೆಸಿಸ್ಟರ್ ಬೇಕು. ಅದಿಲ್ಲ ಅಂದ್ರೆ ದಾರೀಲಿ ಹೋಗೋರು ಏನಂದರೂ ನಂಬುತ್ತೆ. ಪಕ್ಕದಲ್ಲಿ ಮೋಟಾರು ಓಡಿದರೆ ಅದನ್ನೂ ನಂಬುತ್ತೆ. ತಂತಿ ಉದ್ದ ಆದಷ್ಟೂ ಜಾಸ್ತಿ."

"ನನ್ನ ಕೆಲಸ..."

"ತಪ್ಪು ಹುಡುಕಿದೋಳನ್ನ ಕಳಿಸಿ ನಾನೇನು ಮಾಡಲಿ? ಮೊದಲು ಆ ದರ್ಜಿಗೆ ಹೇಳು."

ದರ್ಜಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. "ನಮ್ಮನ್ನ ಸಮಾಧಾನ ಮಾಡೋಕೆ ಹೇಳ್ತಿದೀರ ಟೀಚರಮ್ಮ. ನಿಮ್ಮ ಮನಸ್ಸು ಒಳ್ಳೇದು. ನನ್ನ ಕಣ್ಣಾರೆ ಪಕ್ಕದಲ್ಲೇ ಕೂತು ನೋಡಿದೀನಲ್ಲ" ಅಂದು ಇಟ್ಟುಬಿಟ್ಟರು.

ಫೋನಿನಲ್ಲಿ ಆಗದು. ನಾಳೆ ಹೋಗಬೇಕು. ಅವರಣ್ಣ ಬರುವ ಮೊದಲು.

ಮಾರ್ಚ್ 24, ಸೋಮವಾರ

ಗಂಟಲು ಕೂತುಹೋಗಿದೆ. ದರ್ಜಿ ಅಂಗಡಿಯ ಬಟ್ಟೆ ಧೂಳಿರಬೇಕು. ನಿನ್ನೆ ಮನೆಗೆ ಬಂದು ಅಣ್ಣ ಅತ್ತಿಗೆಗೆ ನಡೆದದ್ದನ್ನೆಲ್ಲ ಹೇಳುವಷ್ಟರಲ್ಲಿ ಪೂರ್ತಿ ಹೋಯಿತು. ಅತ್ತಿಗೆ ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟು, "ಬಾಯಿ ಮುಚ್ಚಿಕೊಂಡಿರು ಅಂತ ನಿನಗೆ ಹೇಳೋ ದಿನ ಬರುತ್ತೆ ಅಂದ್ಕೊಂಡಿರಲಿಲ್ಲ" ಅಂದರು. ಯಾಕೆ ಹಾಗಂದರೋ. ಮಾತಾಡುವಂತಿಲ್ಲ, ಹಾಗಾಗಿ ನಿನ್ನೆಯದನ್ನು ಬರೆಯುತ್ತೇನೆ.

ಬೇಗ ಹೊರಟಿದ್ದೆ. ಆದರೂ ನಾನು ಹೋಗುವಷ್ಟರಲ್ಲಿ ಅಂಗಡಿ ಮುಂದೆ ಕಾರು ನಿಂತಿತ್ತು. ಒಳಗೆ ಮೆಟ್ಟಿಲ ಬುಡದಲ್ಲಿ ಒಂದು ಸೂಟ್‌ಕೇಸು. ದರ್ಜಿ ಇಸ್ತ್ರಿ ಮೇಜಿಗೆ ಒರಗಿ ನಿಂತಿದ್ದರು. ಅವರಣ್ಣ ಫೋನಿನಲ್ಲಿ ಯಾರಿಗೋ "ಹೊರಡ್ತಾ ಇದೀವಿ, ರೂಮು ಗುಡಿಸಿಡಿ" ಅನ್ನುತ್ತಿದ್ದರು. ನಾನು ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿದೆ.

ಅಜ್ಜಿ ಹಾಸಿಗೆಯ ಅಂಚಿನಲ್ಲಿ ಹೊರಡುವ ಸೀರೆ ಉಟ್ಟು ಕೂತಿದ್ದರು. ಸಣ್ಣ ದೇಹ, ಚೂಪು ಕಣ್ಣು. ಎರಡೂ ಕೈಗಳನ್ನು ತೊಡೆಯ ಅಡಿಯಲ್ಲಿ ಇಟ್ಟುಕೊಂಡಿದ್ದರು, ಚಳಿಗೆ ಇಟ್ಟುಕೊಂಡ ಹಾಗೆ. ಪಕ್ಕದಲ್ಲಿ ದರ್ಜಿ ಹೊಲಿದ, ಒಳಗೆ ಗುಂಡಿಯಿರುವ ಆ ದಿಂಬು.

"ಯಾರಮ್ಮ ನೀನು?"

"ಗಂಟೆ ಮಾಡೋದು ಹೇಳಿಕೊಟ್ಟವಳು."

"ಓ, ನೀನೇನಾ. ಕುರ್ಚಿ ಮೇಲಿನ ಬಟ್ಟೆ ಕೆಳಗೆ ಹಾಕಿ ಕೂತ್ಕೋ." ನಾನು ಕೂರುವವರೆಗೆ ನೋಡಿದರು. "ಮೊದಮೊದಲು ಒತ್ತಲಿಲ್ಲ ಅಂತ ಅವನ ಹತ್ರ ಜಗಳ ಆಡ್ದೆ. ಆಮೇಲೆ ನನಗೇ ಅನುಮಾನ ಬಂತು. ಮಂಪರಲ್ಲಿ ಒತ್ತುತ್ತೀನೇನೋ. ಅದಕ್ಕೆ ಕೈ ಹಿಂಗೆ ಇಟ್ಕೊಂಡು ಕೂತೆ. ಆದರೂ ಬಾರಿಸುತ್ತೆ." ಧ್ವನಿ ಸಣ್ಣದಾಯಿತು. "ಕೈ ಇಲ್ಲೇ ಇದೆ ಅಂತ ನಾನು ತಿಳ್ಕೊಂಡಿರ್ತೀನಿ. ಇರಲ್ವೇನೋ. ಅಲ್ವಾ ಮಗಳೇ?"

"ಇಲ್ಲಮ್ಮ. ನಿಮ್ಮ ಕೈ ಅಲ್ಲೇ ಇತ್ತು. ನೀವು ಒಂದು ಸಲಾನೂ ಒತ್ತಿಲ್ಲ. ತಪ್ಪು ನಂದು."

ಅಷ್ಟರಲ್ಲಿ ಅಣ್ಣ ತಮ್ಮ ಇಬ್ಬರೂ ಮೇಲೆ ಬಂದರು. ದೊಡ್ಡವರು ಮರ್ಯಾದೆಯಿಂದಲೇ ಮಾತಾಡಿದರು. "ತಮ್ಮ ಹೇಳಿದ. ನೀವು ಇಷ್ಟು ಕಾಳಜಿ ತಗೊಂಡಿದ್ದಕ್ಕೆ ಥ್ಯಾಂಕ್ಸ್. ಆದರೆ ಮಿಷನ್ನು ಸುಳ್ಳು ಹೇಳಲ್ಲ ನೋಡಿ. ಇವನು ಪಕ್ಕದಲ್ಲಿ ಕೂತಾಗ ಯಾಕೆ ಬಾರಿಸಲ್ಲ?"

ನಾನು ದರ್ಜಿಯ ಕಡೆ ತಿರುಗಿದೆ. "ನೀವು ಇಲ್ಲಿ ಕೂತಿರುವಾಗ ಕೆಳಗೆ ಹೊಲಿಯೋರು ಯಾರು?"

"ಯಾರೂ ಇಲ್ಲ. ನಾನೇ ಅಲ್ವಾ ಹೊಲಿಯೋದು."

"ಮತ್ತೆ?"

ಅವರು ತಿರುಗಿ ಮೆಟ್ಟಿಲ ಗೋಡೆಯ ತಂತಿಯನ್ನು ನೋಡಿದರು.

"ನೀವು ಕೆಳಗೆ ಹೋಗಿ ಮಿಷನ್ ಓಡಿಸಿ" ಅಂದೆ.

"ಏನು ಹೊಲೀಲಿ?"

"ನಮ್ಮ ಪರದೆ ಇನ್ನೂ ಬಾಕಿ ಇದೆಯಲ್ಲ, ಅದನ್ನೇ ಹೊಲೀರಿ. ನೀವು" ಎಂದು ಅಣ್ಣನಿಗೆ ಆ ದಿಂಬನ್ನು ಕೊಟ್ಟೆ, "ಇದನ್ನ ಇಟ್ಕೊಂಡು ಇಲ್ಲಿ ಕೂತ್ಕೊಳ್ಳಿ. ಒತ್ತಬೇಡಿ. ಸುಮ್ಮನೆ ಅಂಗೈ ಮೇಲೆ ಇಟ್ಕೊಳ್ಳಿ."

"ಹೊತ್ತಾಗುತ್ತೆ ಮೇಡಂ..."

"ಕೂತ್ಕೊಳ್ಳಿ."

ಕೂತರು. ಕೆಳಗೆ ಮಿಷನ್ ಗರ್ರೆಂದಿತು, ನಿಂತಿತು. ಏನೂ ಆಗಲಿಲ್ಲ. ಮತ್ತೆ ಗರ್ರೆಂದಿತು. ಏನೂ ಇಲ್ಲ. ದೊಡ್ಡವರು ಕೈಗಡಿಯಾರ ನೋಡಿದರು. ಅಜ್ಜಿ ನನ್ನನ್ನೇ ನೋಡುತ್ತಿದ್ದರು, ಕೈ ಇನ್ನೂ ತೊಡೆಯಡಿಯಲ್ಲೇ. "ನಿಲ್ಲಿಸಬೇಡಿ, ಉದ್ದಕ್ಕೆ ಹೊಲೀರಿ!" ಎಂದು ಮೆಟ್ಟಿಲ ಕಡೆ ಕೂಗಿದೆ.

ಉದ್ದ ಹೊಲಿಗೆಯ ನಡುವೆ ಗಂಟೆ ಬಾರಿಸಿತು.

ಮಿಷನ್ ನಿಂತಿತು. ಕೆಳಗಿನಿಂದ ದರ್ಜಿಯ ಧ್ವನಿ: "ಅಣ್ಣಾ, ಯಾಕೋ ಒತ್ತಿದೆ?"

"ನಾನು ಒತ್ತಲಿಲ್ಲ ಕಣೋ!"

"ಬಾರಿಸಿತಲ್ಲ!"

"ಒತ್ತಲಿಲ್ಲ ಅಂದ್ರೆ ಒತ್ತಲಿಲ್ಲ! ನನ್ನ ಮೇಲೆ ನಂಬಿಕೆ ಇಲ್ವೇನೋ ನಿನಗೆ?"

ಹೇಳಿದ ಮೇಲೆ ಅವರಿಗೇ ಕೇಳಿಸಿತು. ಅಂಗೈ ಮೇಲಿನ ದಿಂಬನ್ನು ನೋಡಿದರು, ತಾಯಿಯನ್ನು ನೋಡಿದರು. ಅಜ್ಜಿ ಮೊದಲು ಬಲಗೈ, ಆಮೇಲೆ ಎಡಗೈ ತೊಡೆಯಡಿಯಿಂದ ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡರು. ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿಕೊಂಡರು.

"ಬೇಜಾರು ಮಾಡ್ಕೋಬೇಡಪ್ಪ" ಅಂದರು ದೊಡ್ಡ ಮಗನಿಗೆ. "ವಯಸ್ಸಾಗ್ತಾ ಬಂದಂಗೆ ಮರೆವು ಇರುತ್ತೆ."

ನನಗೆ ನಗು ತಡೆಯಲಾಗಲಿಲ್ಲ. ಜೋರಾಗಿ ನಕ್ಕುಬಿಟ್ಟೆ, ಪರಿಚಯವಿಲ್ಲದವರ ಮನೆಯಲ್ಲಿ. ಆಮೇಲೆ ದೊಡ್ಡವರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. "ಅಮ್ಮಾ, ಅಲ್ಲಿ ರೂಮು ಬೇರೆ ಗೊತ್ತುಮಾಡಿ ಬಂದಿದೀನಲ್ಲ..."

"ನೀನೇ ಹೋಗಿ ಇರು. ಊಟ ತಿಂಡಿ ಎಲ್ಲ ಹೊತ್ತಿಗೆ ಸರಿಯಾಗಿ ಕೊಡ್ತಾರೆ ಅಂದೆಯಲ್ಲ."

ನಾವು ಕೆಳಗೆ ಬಂದ ಮೇಲೆ ದರ್ಜಿ ಗುಂಡಿಗಳ ಡಬ್ಬಿಯಲ್ಲಿ ಹುಡುಕಿ ಆ ಉಳಿದ ರೆಸಿಸ್ಟರನ್ನು ತೆಗೆದರು. ನಾನು ಕೈ ಹಿಂದೆ ಕಟ್ಟಿ ನಿಂತು ಹೇಳಿದೆ. ಆ ಕಾಲಲ್ಲ, ಅದರ ಪಕ್ಕದ್ದು. ಹೂಂ. ಈಗ ಕಪ್ಪು ಸಾಲಿಗೆ. ಪೂರ್ತಿ ಒಳಗೆ ಹೋಗ್ಲಿ, ಹೆದರಬೇಡಿ. ಮಿಷನ್ನಿನ ತಂತಿಯಿಂದ ಗಂಟೆಯ ತಂತಿಯನ್ನೂ ಬೇರೆ ಮಾಡಿಸಿದೆ. ಅಷ್ಟು ಅಚ್ಚುಕಟ್ಟಾಗಿ ಹೊಡೆದ ಕ್ಲಿಪ್ಪುಗಳನ್ನು ಕೀಳುವಾಗ ಅವರಿಗೆ ಸಂಕಟ, ಆದರೂ ಕಿತ್ತರು.

ಆಮೇಲೆ ಕಾಯುವುದು. ಬಾರಿಸದೇ ಇರುವುದಕ್ಕೆ ಕಾಯುವುದು ಎಂಥ ವಿಚಿತ್ರ ಕೆಲಸ. ದರ್ಜಿ ಪರದೆಯ ಅಂಚುಗಳನ್ನೆಲ್ಲ ಹೊಲಿದು ಮುಗಿಸಿದರು. ಅವರಣ್ಣ ಕೋಟು ತೆಗೆದು ತಾವೇ ಮಿಷನ್ ಮುಂದೆ ಕೂತು ಒಂದು ಚಿಂದಿ ಬಟ್ಟೆಯನ್ನು ಅಡ್ಡಾದಿಡ್ಡಿ ಹೊಲಿದರು. ಇಸ್ತ್ರಿಪೆಟ್ಟಿಗೆಯನ್ನು ಹಚ್ಚಿ ಆರಿಸಿ ನೋಡಿದೆವು. ನಾನು ಅವರಿಗೆ ಹೆಡ್‌ಮಿಸ್ ಕಾಫಿಯ ಕಥೆ ಹೇಳಿದೆ, ಮೇಡಂ ಹುಬ್ಬಿನ ಕಥೆ ಹೇಳಿದೆ, ಇನ್ನೂ ಏನೇನೋ. ಗಂಟೆ ತುಟಿ ಬಿಚ್ಚಲಿಲ್ಲ. ಸೂಟ್‌ಕೇಸು ಮೆಟ್ಟಿಲ ಬುಡದಲ್ಲೇ ಇತ್ತು. ಯಾರೂ ಅದರ ಮಾತೆತ್ತಲಿಲ್ಲ. ದರ್ಜಿ ಅಂಗಡಿ ಮೂಲೆಯ ಸ್ಟವ್ ಮೇಲೆ ಟೀಗೆ ನೀರಿಟ್ಟರು.

ಟೀ ಲೋಟಕ್ಕೆ ಸೋಸುತ್ತಿರುವಾಗ ಗಂಟೆ ಬಾರಿಸಿತು.

ಮಿಷನ್ ಓಡುತ್ತಿರಲಿಲ್ಲ. ಇಸ್ತ್ರಿ ಆರಿತ್ತು. ದರ್ಜಿಯ ಕೈಯಲ್ಲಿ ಸೋಸುವ ಜರಡಿ ಹಾಗೇ ನಿಂತಿತು. ಅವರಣ್ಣ ನನ್ನ ಮುಖ ನೋಡಿದರು. ಯಾರೂ ಮೆಟ್ಟಿಲ ಕಡೆ ಹೋಗಲಿಲ್ಲ.

ಮೇಲಿನಿಂದ ಅಜ್ಜಿ ಕೂಗಿದರು: "ಈ ಸಲ ನಾನೇ ಕಣ್ರೋ! ವಾಸನೆ ಬರ್ತಿದೆ, ನನಗೂ ಒಂದು ಲೋಟ ತನ್ನಿ!"